ಸೋಲಿಲ್ಲದ ಸರದಾರ ಸೋತ ದಿನ



2019ರ ಮೇ 23. ಬೆಳಗ್ಗೆ ಎಂಟಕ್ಕೆ ಮತ ಎಣಿಕೆ, ನಾನು ಐದು ಗಂಟೆಗೇ ಸ್ಟುಡಿಯೋದಲ್ಲಿದ್ದೆ. ಎಣಿಕೆಯ ದಿನ ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರತಿ ಕ್ಷೇತ್ರಕ್ಕೂ ಎರಡು ಗ್ರಾಫಿಕ್ಸ್ ಪ್ಲೇಟ್ ಮಾಡಿಟ್ಟುಕೊಳ್ತೀವಿ. ಇವರು ಗೆದ್ದರೆ ಇದು, ಅವರು ಗೆದ್ದರೆ ಅದು. ಕಲಬುರಗಿಗೆ ಮಾತ್ರ ಅವತ್ತು ಒಂದೇ ಪ್ಲೇಟ್ ಇತ್ತು. 'ಸೋಲಿಲ್ಲದ ಸರದಾರನಿಗೆ 12ನೇ ಗೆಲುವು.' ಅದನ್ನು ಬರೆಸಿದವನು ನಾನೇ.

ಹತ್ತು ಗಂಟೆ ಸುಮಾರಿಗೆ ನಮ್ಮ ವರದಿಗಾರನ ಫೋನ್ ಬಂತು. 'ಸರ, ಸಾಹೇಬ್ರು ಹಿಂದ ಅದಾರ್ರೀ.' ನಾನು ನಂಬಲಿಲ್ಲ. ಮುಂದಿನ ರೌಂಡ್‌ಗಳಲ್ಲಿ ಸರಿಹೋಗುತ್ತೆ ಬಿಡಪ್ಪಾ ಅಂದೆ. ಸರಿಹೋಗಲಿಲ್ಲ. ಮಲ್ಲಿಕಾರ್ಜುನ ಖರ್ಗೆ ಸೋತರು. ಅದೂ ಕೂದಲೆಳೆ ಅಂತರದಲ್ಲಲ್ಲ, 95,452 ಮತಗಳಿಂದ.

ನಾನು ಯಾಕೆ ಒಂದೇ ಪ್ಲೇಟ್ ಮಾಡಿಸಿದ್ದೆ ಅನ್ನೋದು ಲೆಕ್ಕ ನೋಡಿದರೆ ನಿಮಗೇ ಗೊತ್ತಾಗುತ್ತೆ. 1972, 78, 83, 85, 89, 94, 99, 2004. ಎಂಟು ವಿಧಾನಸಭಾ ಚುನಾವಣೆ, ಎಂಟೂ ಗುರುಮಠಕಲ್‌ನಿಂದ, ಎಂಟೂ ಗೆಲುವು. 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಾಗಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯ್ತು. ಖರ್ಗೆ ಮೀಸಲು ಕ್ಷೇತ್ರ ಚಿತ್ತಾಪುರಕ್ಕೆ ಹೋದರು, ಅಲ್ಲೂ ಗೆದ್ದರು. ಒಂಬತ್ತು. ಆಮೇಲೆ 2009 ಮತ್ತು 2014ರಲ್ಲಿ ಲೋಕಸಭೆ. ಹನ್ನೊಂದು.

ಇಂಥವರನ್ನು ಕಂಡರೆ ನಾವು ಪತ್ರಕರ್ತರು ಥಟ್ಟನೆ ಹೇಳೋ ಮಾತೊಂದಿದೆ. ಅದು ಸೇಫ್ ಸೀಟ್ ಬಿಡ್ರೀ, ಯಾರು ನಿಂತರೂ ಗೆಲ್ತಾರೆ. ಇವತ್ತು ಆ ಮಾತನ್ನೇ ಸ್ವಲ್ಪ ಕೆದಕೋಣ ಅಂತ.

1972ರಲ್ಲಿ ಖರ್ಗೆಯವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯ ಹುಡುಗ. ರಜಾಕಾರರ ಹಾವಳಿಯಲ್ಲಿ ತಾಯಿಯನ್ನು ಕಳೆದುಕೊಂಡು, ತಂದೆಯ ಜೊತೆ ಉಳಿದು ಬಂದವರು. ಕಲಬುರಗಿಯಲ್ಲಿ ಓದಿ, ವಕೀಲರಾಗಿ, ಎಂಎಸ್‌ಕೆ ಮಿಲ್ ಕಾರ್ಮಿಕರ ಪರ ಕೇಸು ನಡೆಸಿದವರು. ಅದು ಇಂದಿರಾ ಗಾಂಧಿ ಅಲೆ, ದೇವರಾಜ ಅರಸು ಕಾಲ. ಆ ಅಲೆಯಲ್ಲಿ ಗೆದ್ದವರು ನೂರಾರು ಜನ. ಅದೇನು ದೊಡ್ಡದಲ್ಲ.

ದೊಡ್ಡದು ಇರೋದು ಮುಂದೆ. 1983ರಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಖರ್ಗೆ ಗೆದ್ದರು. 1985ರಲ್ಲಿ ರಾಮಕೃಷ್ಣ ಹೆಗಡೆ ಅಲೆ, ಜನತಾ ಪಕ್ಷಕ್ಕೆ 139, ಕಾಂಗ್ರೆಸ್‌ಗೆ 65. ಖರ್ಗೆ ಗೆದ್ದರು. 1994ರಲ್ಲಿ 224 ಸ್ಥಾನಗಳ ಪೈಕಿ ಕಾಂಗ್ರೆಸ್‌ಗೆ ಬಂದಿದ್ದು ಬರೀ 34. ಮಂತ್ರಿಗಳಾಗಿದ್ದವರೇ ಮಕಾಡೆ ಮಲಗಿದ ಚುನಾವಣೆ ಅದು. ಆಗಲೂ ಈ ಮನುಷ್ಯ ಗೆದ್ದರು. ಅಂದ್ರೆ ಅದು ಪಕ್ಷದ ಸೀಟಾಗಿರಲಿಲ್ಲ ಸ್ವಾಮಿ. ಆ ವ್ಯಕ್ತಿಯ ಸೀಟಾಗಿತ್ತು.

ಅನುಮಾನ ಇದ್ದರೆ ಅವರು ಬಿಟ್ಟುಹೋದ ಮೇಲೆ ಏನಾಯ್ತು ನೋಡಿ. ಗುರುಮಠಕಲ್‌ನಲ್ಲಿ 2008 ಮತ್ತು 2013ರಲ್ಲಿ ಕಾಂಗ್ರೆಸ್‌ನ ಬಾಬುರಾವ್ ಚಿಂಚನಸೂರ ಗೆದ್ದರು. 2018ರಲ್ಲಿ ಜೆಡಿಎಸ್‌ನ ನಾಗನಗೌಡ ಕಂದಕೂರ. 2023ರಲ್ಲಿ ಇಡೀ ರಾಜ್ಯ ಕಾಂಗ್ರೆಸ್‌ಗೆ 135 ಸೀಟು ಕೊಟ್ಟಾಗಲೂ ಗುರುಮಠಕಲ್ ಗೆಲ್ಲಿಸಿದ್ದು ಜೆಡಿಎಸ್‌ನ ಶರಣಗೌಡ ಕಂದಕೂರರನ್ನು. ಇನ್ನು ಚಿತ್ತಾಪುರ. 2009ರಲ್ಲಿ ಖರ್ಗೆ ಲೋಕಸಭೆಗೆ ಹೋದರು, ಉಪಚುನಾವಣೆ ಬಂತು, ಮಗ ಪ್ರಿಯಾಂಕ್ ನಿಂತರು. ಸೋತರು! ಬಿಜೆಪಿಯ ವಾಲ್ಮೀಕಿ ನಾಯಕ ಗೆದ್ದರು. ಅಪ್ಪ ಖಾಲಿ ಮಾಡಿದ ಕುರ್ಚಿ ಮಗನಿಗೆ ಸಿಕ್ಕಿದ್ದು 2013ರಲ್ಲಿ.

ಈಗ ಕಹಿ ಮಾತಿಗೆ ಬರೋಣ. ಖರ್ಗೆ ಕೆಲಸ ಮಾಡಿಲ್ಲ ಅಂತ ನಾನು ಹೇಳೋದಿಲ್ಲ. 371(ಜೆ) ಇದೆ. ಕಲ್ಯಾಣ ಕರ್ನಾಟಕದ ಹುಡುಗರಿಗೆ ಮೆಡಿಕಲ್, ಎಂಜಿನಿಯರಿಂಗ್ ಸೀಟು, ಸರ್ಕಾರಿ ನೌಕರಿ ಸಿಗೋದರಲ್ಲಿ ಆ ತಿದ್ದುಪಡಿಯ ಪಾಲು ಎಷ್ಟು ಅಂತ ಅಲ್ಲಿನ ಯಾವ ಮನೆಯಲ್ಲಿ ಕೇಳಿದರೂ ಹೇಳ್ತಾರೆ. ಕಲಬುರಗಿಯ ಇಎಸ್ಐ ಆಸ್ಪತ್ರೆ, ಮೆಡಿಕಲ್ ಕಾಲೇಜು ಇವರು ಕೇಂದ್ರದ ಕಾರ್ಮಿಕ ಸಚಿವರಾಗಿದ್ದ ಕಾಲದ್ದು. ಆದರೆ ಗುರುಮಠಕಲ್ ಇರೋದು ಯಾದಗಿರಿ ಜಿಲ್ಲೆಯಲ್ಲಿ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ 51.83 ಪರ್ಸೆಂಟ್. ಇಡೀ ರಾಜ್ಯದಲ್ಲೇ ಕಡೆಯ ಸ್ಥಾನ. ರಾಜ್ಯದ ಸರಾಸರಿ 75 ದಾಟಿತ್ತು. 36 ವರ್ಷ ಒಬ್ಬರೇ ಪ್ರತಿನಿಧಿ, ಅದರಲ್ಲಿ ಎಷ್ಟೋ ವರ್ಷ ಮಂತ್ರಿ. ಕಂದಾಯ, ಗ್ರಾಮೀಣಾಭಿವೃದ್ಧಿ, ಗೃಹ, ಅರಸು ಸಂಪುಟದಲ್ಲಿ ಪ್ರಾಥಮಿಕ ಶಿಕ್ಷಣ ಕೂಡ! ಈ ಅಂಕಿಗೆ ಅವರೊಬ್ಬರನ್ನೇ ಹೊಣೆ ಮಾಡೋದು ಅನ್ಯಾಯ, ನಿಜಾಮರ ಕಾಲದಿಂದ ಬಂದ ಹಿಂದುಳಿದಿರುವಿಕೆ ಅದು. ಆದರೂ ಬೇಸಿಗೆ ಬಂದರೆ ಬೆಂಗಳೂರಿಗೆ ಗುಳೆ ಬಂದು ಕಟ್ಟಡದ ಕೆಲಸ ಮಾಡೋ ಯಾದಗಿರಿಯ ಗಂಡ-ಹೆಂಡತಿಯನ್ನು ಕಂಡಾಗ, ಸೇಫ್ ಸೀಟು ಯಾರಿಗೆ ಸೇಫ್ ಆಗಿತ್ತು ಅಂತ ನನಗೆ ಅನಿಸಿದ್ದುಂಟು. ಇತ್ತ ಸರದಾರರಿಗೂ ಸಿಗಬೇಕಾದ್ದು ಸಿಗಲಿಲ್ಲ ಅನ್ನಿ. 1999, 2004, 2013. ಮೂರು ಸಲ ಮುಖ್ಯಮಂತ್ರಿ ಕುರ್ಚಿಗೆ ಹೆಸರು ಕೇಳಿಬಂತು, ಮೂರು ಸಲವೂ ಬೇರೆಯವರು ಕೂತರು.

ಹಾಗಾದ್ರೆ 2019ರಲ್ಲಿ ಏನಾಯ್ತು? ಮೋದಿ ಅಲೆ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ರಾಜ್ಯದಲ್ಲಿ ಬಿಜೆಪಿಗೆ 28ಕ್ಕೆ 25 ಬಂದ ವರ್ಷ. ಕೋಲಾರದಲ್ಲಿ ಸತತ ಏಳು ಸಲ ಗೆದ್ದಿದ್ದ ಮುನಿಯಪ್ಪ ಸೋತರು, ತುಮಕೂರಿನಲ್ಲಿ ದೇವೇಗೌಡರೇ ಸೋತರು. ಆದರೆ 85, 94ರ ಅಲೆ ದಾಟಿದವರು ಇದನ್ನು ಯಾಕೆ ದಾಟಲಿಲ್ಲ? ನನ್ನ ಪ್ರಕಾರ ಉತ್ತರ ಮನೆಯೊಳಗೇ ಇತ್ತು. ಎದುರು ನಿಂತ ಉಮೇಶ್ ಜಾಧವ್ ಯಾರು? ಕಾಂಗ್ರೆಸ್‌ನಿಂದಲೇ ಎರಡು ಸಲ ಚಿಂಚೋಳಿಯ ಶಾಸಕರಾದವರು. ತಮಾಷೆ ನೋಡಿ, ಚಿಂಚೋಳಿ ಕಲಬುರಗಿ ಲೋಕಸಭೆಗೆ ಸೇರೋದೇ ಇಲ್ಲ, ಬೀದರ್‌ಗೆ ಸೇರುತ್ತೆ. ಹೊರಗಿನ ಕ್ಷೇತ್ರದಿಂದ ಬಂದು ಸರದಾರರನ್ನು ಕೆಡವಿದರು. ಅವರ ಬೆನ್ನಿಗೆ ನಿಂತವರು? ಮಾಲೀಕಯ್ಯ ಗುತ್ತೇದಾರ್, ಬಾಬುರಾವ್ ಚಿಂಚನಸೂರ. ಇಬ್ಬರೂ ಹಳೇ ಕಾಂಗ್ರೆಸ್ಸಿಗರು. ಮಗ ಮಂತ್ರಿಯಾದ ಮೇಲೆ ನಮಗೆ ಬೆಲೆ ಇಲ್ಲ ಅನ್ನೋದು ಆ ಪಾಳಯದ ಬಹಿರಂಗ ದೂರು. ದೂರು ನಿಜವೋ ಸುಳ್ಳೋ, ಬೂತ್ ಕಟ್ಟೋ ಕೈಗಳಂತೂ ಆ ಕಡೆ ಹೋಗಿದ್ದವು.

ಜೊತೆಗೆ ಮುನ್ಸೂಚನೆಯೂ ಇತ್ತು. 2009ರಲ್ಲಿ ಖರ್ಗೆ ಲೋಕಸಭೆಗೆ ಗೆದ್ದ ಅಂತರ ಎಷ್ಟು ಗೊತ್ತಾ? 13,404. ನಾವು ಹನ್ನೊಂದು ಅನ್ನೋ ಅಂಕಿ ನೋಡಿದೆವು, ಇದನ್ನು ನೋಡಲಿಲ್ಲ.

ಸೋತವರು ಮನೆ ಸೇರಲಿಲ್ಲ. 2020ರಲ್ಲಿ ರಾಜ್ಯಸಭೆ, 2022ರಲ್ಲಿ ಎಐಸಿಸಿ ಅಧ್ಯಕ್ಷರು. 2024ರಲ್ಲಿ ತಾವು ನಿಲ್ಲಲಿಲ್ಲ, ಅಳಿಯ ರಾಧಾಕೃಷ್ಣ ದೊಡ್ಡಮನಿ ನಿಂತರು. ಎದುರಾಳಿ ಅದೇ ಜಾಧವ್. ಏಪ್ರಿಲ್ ಬಿಸಿಲಲ್ಲಿ ಅಫಜಲಪುರದ ಸಭೆ. 81ರ ಹಿರಿಯರು ಮೈಕ್ ಹಿಡಿದು ಹೇಳಿದ್ದನ್ನು ನಾವು ಅವತ್ತು ಎಷ್ಟು ಸಲ ಪ್ರಸಾರ ಮಾಡಿದೆವೋ. ವೋಟು ಹಾಕದಿದ್ದರೂ ಚಿಂತೆಯಿಲ್ಲ, ನಿಮಗಾಗಿ ಏನಾದರೂ ಕೆಲಸ ಮಾಡಿದ್ದೇನೆ ಅನಿಸಿದರೆ ನನ್ನ ಮಣ್ಣಿಗಾದರೂ ಬನ್ನಿ ಅನ್ನೋ ಅರ್ಥದ ಮಾತು. ಕೆಲವರು ನಾಟಕ ಅಂದರು. ನನಗೆ ಹಾಗನಿಸಲಿಲ್ಲ. ಹನ್ನೊಂದು ಸಲ ಗೆದ್ದವರು ಒಂದು ಸೋಲಿಗೆ ಇಷ್ಟು ನೊಂದಿದ್ದಾರಲ್ಲ ಅನಿಸಿತು.

ಜೂನ್ 4ರಂದು ಎಣಿಕೆ. ಈ ಸಲ ಕಲಬುರಗಿಗೆ ಎರಡೂ ಪ್ಲೇಟ್ ಮಾಡಿಸಿ ಇಟ್ಟುಕೊಂಡಿದ್ದೆ. ದೊಡ್ಡಮನಿ 27,205 ಮತಗಳಿಂದ ಗೆದ್ದರು.