‘ಸರ್ವರ್ ಇಲ್ಲ’ ಎಂಬ ಉತ್ತರ ಬಂದಾಗ ಕೇಳಬೇಕಾದ ಪ್ರಶ್ನೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ಗ್ರಾಮಸಭೆಯ ನಡಾವಳಿ, ಕಾಮಗಾರಿಯ ಛಾಯಾಚಿತ್ರ ಮೊದಲಾದವು ಗಣಕಯಂತ್ರದಿಂದ ರವಾನೆಯಾಗದೆ ನಿಂತಾಗ ಕಚೇರಿಯಲ್ಲಿ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ‘ಸರ್ವರ್ ಇಲ್ಲ’. ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆದರೆ ಸರ್ವರ್ ಸುಸ್ಥಿತಿಯಲ್ಲಿದ್ದು, ಅದರ ವಿಳಾಸ ಮಾತ್ರ ಗಣಕಯಂತ್ರಕ್ಕೆ ದೊರೆಯದಿರುವ ಸಂದರ್ಭಗಳೂ ಉಂಟು.

ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಹೆಸರು ಕೊಟ್ಟರೆ ಅಂಕಿಯನ್ನು ತಿಳಿಸುವ ವ್ಯವಸ್ಥೆಯೇ ಡಿಎನ್ಎಸ್. ಇದನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಒಮ್ಮೆ ತಿಳಿದ ವಿಳಾಸವನ್ನು ಗಣಕಯಂತ್ರವು ಕೆಲಕಾಲ ನೆನಪಿನಲ್ಲಿಡುತ್ತದೆ. ತೊಡಕು ಅಲ್ಲಿಯೂ ಹುಟ್ಟಬಹುದು. 1997ರಲ್ಲಿ ಮೈಸೂರಿನಿಂದ ಚಾಮರಾಜನಗರ ಜಿಲ್ಲೆ ಬೇರೆಯಾದಾಗ ಗುಂಡ್ಲುಪೇಟೆಯವರಿಗೆ ‘ಜಿಲ್ಲಾ ಕಚೇರಿ’ ಎಂಬ ಹೆಸರು ಬದಲಾಗಲಿಲ್ಲ, ಅದಿರುವ ಊರು ಬದಲಾಯಿತು. ಹಳೆಯ ವಿಳಾಸವನ್ನೇ ನೆಚ್ಚಿದವರ ಅರ್ಜಿ ಎಲ್ಲಿಗೆ ಹೋದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಮೊದಲು ಕೇಳಬೇಕಾದುದು, ಪರದೆಯ ಮೇಲೆ ಬಂದ ಸಾಲು ಯಾವುದು ಎಂದು. ಫೈಲ್‌ಜಿಲ್ಲಾ ಎಂಬ ಉಚಿತ ತಂತ್ರಾಂಶದಲ್ಲಿ (ಈ ಹೆಸರಿಗೂ ಜಿಲ್ಲಾ ಪಂಚಾಯಿತಿಗೂ ಸಂಬಂಧವಿಲ್ಲ) ‘530 ಲಾಗಿನ್ ಇನ್‌ಕರೆಕ್ಟ್’ ಎಂದಿದ್ದರೆ ಸರ್ವರ್ ಸಿಕ್ಕಿದೆ, ಬಳಕೆದಾರರ ಹೆಸರು ಅಥವಾ ಗುಪ್ತಪದ ತಪ್ಪಿದೆ. ‘ಇಎಐ ನೋನೇಮ್’ ಎಂದಿದ್ದರೆ ಹೆಸರಿಗೆ ವಿಳಾಸವೇ ಸಿಕ್ಕಿಲ್ಲ. ಆಗ ಹೆಸರಿನ ಅಕ್ಷರಗಳನ್ನು ನೋಡಬೇಕು. ವಾಟ್ಸಾಪ್‌ನಿಂದ ನಕಲಿಸಿದ ಹೆಸರಿನೊಂದಿಗೆ ಒಂದು ಖಾಲಿ ಜಾಗ ಅಥವಾ ಅನಗತ್ಯ ಚಿಹ್ನೆ ಸೇರಿರುವುದೂ ಉಂಟು. ಅನಂತರ ‘ಎನ್ಎಸ್‌ಲುಕಪ್’ ಆದೇಶದೊಂದಿಗೆ ಸರ್ವರಿನ ಹೆಸರು ಬರೆದು ಪರೀಕ್ಷಿಸಬೇಕು. ಅಂಕಿ ಬಂದರೂ ಕಡತ ಹೋಗದಿದ್ದಲ್ಲಿ ವಿಂಡೋಸ್‌ನ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್’ ಆದೇಶದಿಂದ ಹಳೆಯ ನೆನಪನ್ನು ಅಳಿಸಿ ಮರುಪ್ರಯತ್ನಿಸಬೇಕು. ಅಂಕಿಯೇ ಬಾರದೆ, ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಮಾತ್ರ ಬಂದರೆ ದೋಷವಿರುವುದು ಕಚೇರಿಯ ಅಂತರ್ಜಾಲ ಸಂಪರ್ಕದ ಡಿಎನ್ಎಸ್‌ನಲ್ಲಿ. ಅಲ್ಲಿ 8.8.8.8 ಅಥವಾ 1.1.1.1 ಎಂದು ನಮೂದಿಸಿದರೆ ಕೆಲಸ ಸಾಗಬಹುದು. ಆದರೆ ಸರ್ಕಾರದ ಒಳಜಾಲದಲ್ಲಿ ಮಾತ್ರ ಇರುವ ಹೆಸರುಗಳು ಇವುಗಳಿಗೆ ತಿಳಿದಿರುವುದಿಲ್ಲ.

ಹೆಸರಿನ ಗೊಡವೆಯೇ ಬೇಡವೆಂದು ಅಂಕಿಯನ್ನು ‘ಹೋಸ್ಟ್ಸ್’ ಎಂಬ ಕಡತದಲ್ಲಿ ಬರೆದಿಡುವ ಅಡ್ಡದಾರಿಯೊಂದಿದೆ. ಅಂದು ಕೆಲಸ ಮುಗಿಯುತ್ತದೆ. ಆದರೆ ಇದು ದೋಷಕ್ಕಿಂತ ಕೆಟ್ಟ ಪರಿಹಾರ. ಮುಂದೆ ಸರ್ವರ್ ಬೇರೆಡೆಗೆ ಹೋಗಿ ಹಳೆಯದೂ ಚಾಲನೆಯಲ್ಲಿದ್ದರೆ, ಪರದೆಯ ಮೇಲೆ ‘ಯಶಸ್ವಿ’ ಎಂದೇ ಬರುತ್ತದೆ, ಕಡತ ಮಾತ್ರ ಯಾರೂ ನೋಡದ ಯಂತ್ರಕ್ಕೆ ಸೇರುತ್ತದೆ. ಬಿಲ್ಲು ಏಕೆ ನಿಂತಿತೆಂದು ತಿಂಗಳ ನಂತರ ಹುಡುಕುವವರಿಗೆ ಸುಳಿವೂ ಸಿಗುವುದಿಲ್ಲ. ಅಂತಹ ನಮೂದು ಇದೆಯೇ ಎಂದು ಸದಸ್ಯರು ಗಣಕಯಂತ್ರ ನಿರ್ವಾಹಕರನ್ನು ವಿಚಾರಿಸಿ, ಇದ್ದಲ್ಲಿ ತೆಗೆಸತಕ್ಕದ್ದು. ಆ ನಂತರವೂ ತೊಡಕು ಉಳಿದರೆ ದೂರಿನಲ್ಲಿ ಸರ್ವರಿನ ಹೆಸರು, ಸಮಯ, ಪರದೆಯ ಮೇಲಿನ ಸಾಲು ಹಾಗೂ ಎನ್ಎಸ್‌ಲುಕಪ್ ನೀಡಿದ ಉತ್ತರವನ್ನು ಇದ್ದಂತೆಯೇ ಬರೆಸತಕ್ಕದ್ದು.