ಮೊದಲು ಚಾಚುವ ಕೈ



ಹುಬ್ಬಳ್ಳಿಯ ಗೋಕುಲ ರಸ್ತೆಯನ್ನು ಕಣ್ಮುಂದೆ ತಂದುಕೊಳ್ಳಿ. ಬಸ್ ನಿಲ್ದಾಣ, ಕಾರ್ಖಾನೆಗಳು, ವಿಮಾನ ನಿಲ್ದಾಣ ಎಲ್ಲಕ್ಕೂ ಇದೇ ದಾರಿ. ಅಲ್ಲೊಬ್ಬ ಬೈಕ್ ಸವಾರ ಬಿದ್ದಿದ್ದಾನೆ ಎನ್ನಿ. ಕಾಲಿನಿಂದ ರಕ್ತ ಹರಿಯುತ್ತಿದೆ. ಸುತ್ತ ಐವತ್ತು ಜನ. 'ಬೇರೆ ಯಾರಾದರೂ ಫೋನ್ ಮಾಡಿರಬಹುದು' ಎಂದು ಎಲ್ಲರೂ ಸುಮ್ಮನಿದ್ದರೆ ಕೊನೆಗೆ ಯಾರೂ ಮಾಡಿರುವುದಿಲ್ಲ.

ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ. 2 ಲೀಟರ್ ಹರಿದುಹೋದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಒಬ್ಬರತ್ತ ಕೈ ತೋರಿಸಿ, "ಅಣ್ಣಾರ, ನೀವು 108ಕ್ಕ ಫೋನ್ ಹಚ್ಚರಿ" ಎಂದು ಹೇಳಿ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ಕುತ್ತಿಗೆ ತಿರುಗಿಸಬೇಡಿ, ಹೆಲ್ಮೆಟ್ ಎಳೆಯಬೇಡಿ, ಬಾಯಿಗೆ ನೀರು ಹಾಕಬೇಡಿ.

ಪೊಲೀಸರ ಅಂಜಿಕೆಯೇ? 2016ರಲ್ಲಿ ಸುಪ್ರೀಂ ಕೋರ್ಟ್, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಆ ಅಂಜಿಕೆಯನ್ನು ನಿವಾರಿಸಿವೆ. ನೆರವಾದವರು ತಮ್ಮ ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿದ ಯುವಕ ಹರೀಶ್, ಕೊನೆಯುಸಿರಿನಲ್ಲೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡ. ಮರುತಿಂಗಳೇ ರಾಜ್ಯ ಸರ್ಕಾರ, ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಉಚಿತ ಚಿಕಿತ್ಸೆ ನೀಡುವ ಯೋಜನೆಯೊಂದನ್ನು ಅವನ ಹೆಸರಿನಲ್ಲಿ ಆರಂಭಿಸಿತು. ಸಾಯುತ್ತಿದ್ದವನೇ ಅಪರಿಚಿತರನ್ನು ನೆನೆದ. ನಿಂತು ನೋಡುವ ನಾವು ಎರಡು ಹೆಜ್ಜೆ ಮುಂದಿಡಲಾರೆವೆ?

ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಅಥವಾ ಎನ್‌ಸಿಸಿ ಘಟಕದಲ್ಲಿ ಪ್ರಥಮ ಚಿಕಿತ್ಸೆ ಕಲಿಸಿಕೊಡುವಂತೆ ಈ ವಾರವೇ ಕೇಳಿ. ಕಲಿತ ಕೈಗೆ ಅಳುಕು ಕಡಿಮೆ.