ಊರಿನ ಲೆಕ್ಕ ಊರಿನ ಮುಂದೆ

(ಹೊರಕೆರೆದೇವಪುರದಲ್ಲಿ ಗ್ರಾಮಸ್ಥರೂ ಉಪಾಧ್ಯಾಯರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಪಂಚಾಯತಿಯ ಅಧ್ಯಕ್ಷಪದವಿಯನ್ನು ವಹಿಸಿದವರು ತಾವು ನಡೆಸಿದ ಕಾರ್ಯವನ್ನು ಊರವರಿಗೆ ಯಾವ ರೀತಿಯಲ್ಲಿ ತಿಳಿಸಬೇಕೆಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆಮಾಡಿರುವಿರಿ. ವಿಷಯವು ಮೇಲುನೋಟಕ್ಕೆ ಚಿಕ್ಕದು, ವಿಚಾರಮಾಡಿದರೆ ದೊಡ್ಡದು. ದಿಲ್ಲಿಯಲ್ಲಿ ಯಾರು ಏನೆಂದರು, ಬೆಂಗಳೂರಿನಲ್ಲಿ ಯಾರು ಯಾರನ್ನು ಖಂಡಿಸಿದರು ಎಂಬ ವಾರ್ತೆಯು ದಿನ ಬೆಳಗಾದರೆ ನಮ್ಮ ಮನೆಯ ಬಾಗಿಲಿಗೆ ಬರುತ್ತದೆ. ಆದರೆ ನಮ್ಮ ಬೀದಿಯ ಚರಂಡಿಗೆಂದು ಮಂಜೂರಾದ ಹಣವೆಷ್ಟು, ಅದರಲ್ಲಿ ವೆಚ್ಚವಾದುದೆಷ್ಟು, ಉಳಿದುದೆಲ್ಲಿ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು? ದೂರದ ಸುದ್ದಿ ಹತ್ತಿರವಾಗಿ, ಹತ್ತಿರದ ಸುದ್ದಿ ದೂರವಾಗಿರುವುದು ಪ್ರಜಾಪ್ರಭುತ್ವಕ್ಕೆ ಶುಭಲಕ್ಷಣವಲ್ಲ.

ಆಳುವವರು ಲೆಕ್ಕವೊಪ್ಪಿಸಬೇಕೆಂಬುದು ಪರದೇಶದಿಂದ ನಿನ್ನೆ ಬಂದ ಮಾತೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲಬಾರಿಗೆ ಕೂಡಿಸಿದರು. ಸಂಸ್ಥಾನದ ನಾನಾ ಕಡೆಗಳಿಂದ ಬಂದ 144 ಮಂದಿ ಪ್ರತಿನಿಧಿಗಳ ಮುಂದೆ ದಿವಾನರು ಸರಕಾರದ ಆದಾಯವೆಷ್ಟು, ವೆಚ್ಚವೆಷ್ಟು, ಮುಂದೆ ಮಾಡತಕ್ಕ ಕಾರ್ಯಗಳಾವುವು ಎಂದು ವಿವರಿಸಿದರು. ಆ ಸಭೆಗೆ ಶಾಸನಮಾಡುವ ಅಧಿಕಾರವಿರಲಿಲ್ಲ. ಬಂದವರು ಬಹುಮಟ್ಟಿಗೆ ಭೂಮಿಕಾಣಿಯುಳ್ಳವರೂ ವರ್ತಕರೂ ಆಗಿದ್ದರು. ಆ ಕೊರತೆಗಳಿದ್ದರೂ, ಪ್ರಜೆಗಳಿಗೆ ಹೇಳಿ ಆಳಬೇಕೆಂಬ ಸಂಪ್ರದಾಯವೊಂದು ಅಂದು ನೆಲೆಗೊಂಡಿತು. ಅರಸೊತ್ತಿಗೆಯ ಕಾಲದ ದಿವಾನರೇ ಲೆಕ್ಕ ಹೇಳಿದರೆಂದ ಮೇಲೆ, ನಾವೇ ಮತಕೊಟ್ಟು ಆರಿಸಿದ ಪಂಚಾಯತಿಯವರು ಹೇಳದಿರುವುದಕ್ಕೆ ಕಾರಣವೇನಿದ್ದೀತು?

ಕನ್ನಡ ನಾಡು ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಾಗ ಹಳ್ಳಿಗಳ ಪಂಚಾಯತಿಗಳೂ ಬೇರೆ ಬೇರೆ ಕಾಯಿದೆಗಳಿಗೆ ಒಳಪಟ್ಟಿದ್ದುವು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಇದೇ ಚಿತ್ರದುರ್ಗದಲ್ಲಿ ವಕೀಲಿ ನಡೆಸಿದ ಎಸ್. ನಿಜಲಿಂಗಪ್ಪನವರು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದರು. ಬಳಿಕ 1959ರ ಕಾಯಿದೆಯು ಇಡೀ ನಾಡಿನ ಹಳ್ಳಿಗಳನ್ನು ಒಂದೇ ಕಟ್ಟಳೆಗೆ ತಂದಿತು. 1983ರ ಕಾಯಿದೆಯು ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯತಿಗಳಿಗೂ ನಿಜವಾದ ಅಧಿಕಾರವನ್ನು ಕೊಟ್ಟಿತು. ಅದಕ್ಕಾಗಿ ದುಡಿದ ಸಚಿವ ಅಬ್ದುಲ್ ನಜೀರ್ ಸಾಬರನ್ನು, ಹಳ್ಳಿಹಳ್ಳಿಗೂ ಕೊಳವೆಬಾವಿಯ ನೀರನ್ನೊದಗಿಸಿದ ಕಾರಣ, ಜನರು 'ನೀರ್ ಸಾಬ್' ಎಂದೇ ಕರೆದರು. ಸಂವಿಧಾನದ 73ನೆಯ ತಿದ್ದುಪಡಿಯನ್ನನುಸರಿಸಿ ಬಂದ 1993ರ ಕಾಯಿದೆಯೇ, ಕಾಲಕಾಲಕ್ಕೆ ತಿದ್ದಲ್ಪಟ್ಟು, ಇಂದು ನಮ್ಮನ್ನು ನಡೆಸುತ್ತಿದೆ.

ಈ ಕಾಯಿದೆಯು ನಮಗೆ ಕೊಟ್ಟಿರುವುದೇನು? ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಆರು ತಿಂಗಳಿಗೆ ಒಮ್ಮೆಯಾದರೂ ಆ ಸಭೆಯು ಕೂಡಬೇಕು. ವರ್ಷಕ್ಕೊಮ್ಮೆ ಜಮಾಬಂದಿ ನಡೆದು, ಲೆಕ್ಕಪತ್ರಗಳನ್ನೂ ಕಾಮಗಾರಿಗಳನ್ನೂ ಬಹಿರಂಗವಾಗಿ ಪರಿಶೀಲಿಸಬೇಕು. ಇದಕ್ಕೆ ಜೊತೆಯಾಗಿ, 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣದ ಪ್ರಕಾರ, ಯಾರೂ ಅರ್ಜಿ ಹಾಕದೆಯೇ, ಪಂಚಾಯತಿಯು ತನ್ನ ಆಯವ್ಯಯ ಮೊದಲಾದ ವಿವರಗಳನ್ನು ತಾನಾಗಿಯೇ ಪ್ರಕಟಿಸತಕ್ಕದ್ದು. ಆದುದರಿಂದ ತಿಳಿಸುವುದು ಅಧ್ಯಕ್ಷರ ಔದಾರ್ಯವಲ್ಲ, ಕರ್ತವ್ಯ. ತಿಳಿಯುವುದು ನಮಗೆ ದೊರೆತ ಪ್ರಸಾದವಲ್ಲ, ಹಕ್ಕು.

ಹಕ್ಕು ಕಾಗದದಲ್ಲಿದ್ದ ಮಾತ್ರಕ್ಕೆ ಕೈಗೆ ಬಂದಂತಾಗಲಿಲ್ಲ. ನಾಡಿನ ಎಷ್ಟೋ ಕಡೆಗಳಲ್ಲಿ ಗ್ರಾಮಸಭೆಯೆಂದರೆ ಹಾಜರಿಪುಸ್ತಕಕ್ಕೆ ರುಜು ಹಾಕಿಸುವ ವಿಧಿಯಾಗಿದೆ. ಬಿತ್ತನೆಯ ದಿನ, ಸಂತೆಯ ದಿನ ನೋಡಿ ಸಭೆಯನ್ನಿಡುವುದು. ಮನೆ ಮಂಜೂರಾತಿಯ ಪಟ್ಟಿಯೊಂದನ್ನು ಓದಿದೊಡನೆ ಗದ್ದಲವೆದ್ದು ಸಭೆ ಚದುರುವುದು. ಉಳಿದ ಲೆಕ್ಕವು 'ಓದಿ ಅಂಗೀಕರಿಸಲಾಯಿತು' ಎಂಬ ಒಂದೇ ವಾಕ್ಯದಲ್ಲಿ ಮುಗಿಯುವುದು. ಓದಿದರೂ ತಿಳಿಯುವಂತೆ ಓದುವುದಿಲ್ಲ. 1963ರಲ್ಲಿಯೇ ಕನ್ನಡವು ರಾಜ್ಯದ ಆಡಳಿತಭಾಷೆಯೆಂದು ಶಾಸನವಾಗಿದ್ದರೂ, ಯೋಜನೆಗಳ ಹೆಸರುಗಳು ಇಂಗ್ಲಿಷಿನ ಮೊದಲಕ್ಷರಗಳಲ್ಲಿ, ಲೆಕ್ಕದ ಶೀರ್ಷಿಕೆಗಳು ಸಂಕೇತಸಂಖ್ಯೆಗಳಲ್ಲಿ ಇರುತ್ತವೆ. ತಿಳಿಯದ ಭಾಷೆಯಲ್ಲಿ ಕೊಟ್ಟ ಲೆಕ್ಕವು ಮುಚ್ಚಿಟ್ಟ ಲೆಕ್ಕಕ್ಕಿಂತ ಬೇರೆಯಲ್ಲ.

ಲೆಕ್ಕವನ್ನು ಗಟ್ಟಿಯಾಗಿ ಓದುವುದರಿಂದ ಏನಾಗಬಲ್ಲದೆಂಬುದಕ್ಕೆ ರಾಜಸ್ಥಾನದ ಬಡವರು ಸಾಕ್ಷಿಯಾಗಿದ್ದಾರೆ. ಅಲ್ಲಿಯ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಿಂದ ಮೊದಲ್ಗೊಂಡು 'ಜನಸುನವಾಯಿ'ಗಳನ್ನು ನಡೆಸಿದರು. ಅವರು ಮಾಡಿದುದಿಷ್ಟೇ: ಕೂಲಿಯ ಪಟ್ಟಿಯನ್ನೂ ಕಾಮಗಾರಿಯ ಬಿಲ್ಲುಗಳನ್ನೂ ಊರವರ ಮುಂದೆ ಹೆಸರು ಹೆಸರಾಗಿ ಓದಿದರು. ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಕೂಲಿ ಸಂದಿತ್ತು. ಕಾಗದದಲ್ಲಿ ಮುಗಿದ ಕಟ್ಟಡವು ನೆಲದ ಮೇಲೆ ಅರ್ಧಕ್ಕೆ ನಿಂತಿತ್ತು. ಓದುಬರಹ ಬಾರದ ಕೂಲಿಕಾರರು ಎದ್ದು ನಿಂತು 'ಇದು ಸುಳ್ಳು' ಎಂದರು. ಆ ಹಳ್ಳಿಗಳಲ್ಲೆದ್ದ ಕೂಗೇ ಬೆಳೆದು, ಹನ್ನೊಂದನೆಯ ವರ್ಷದಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕಿನ ಕಾಯಿದೆಯಾಯಿತು.

ಇನ್ನು ನಮ್ಮ ಸೀಮೆಯ ಮಾತು. ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡ ಊರು ಇದು. ಕೆರೆಯ ನೀರನ್ನು ಹಂಚುವ ನೀರಗಂಟಿಯು ಹಿಂದೆ ತೂಬನ್ನೆತ್ತಿದರೆ ಅಚ್ಚುಕಟ್ಟಿನವರೆಲ್ಲರ ಕಣ್ಣಿಗೂ ಕಾಣುತ್ತಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಗುಟ್ಟಾಗಿರಲಿಲ್ಲ. ಇಂದು ನೀರು ನೆಲದಾಳದಿಂದ ಬರುತ್ತದೆ, ಕೊಳವೆಯೊಳಗೆ ಹರಿಯುತ್ತದೆ. ಅದರೊಂದಿಗೆ ಲೆಕ್ಕವೂ ಕಣ್ಮರೆಯಾಗಿದೆ. ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶವು ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು. ಬೇರೆ ನೀರಿಲ್ಲದಾಗ 1.5 ಮಿಲಿಗ್ರಾಂ ಕಡೆಯ ಮಿತಿ ಎಂದು ಭಾರತೀಯ ಮಾನಕವು ಹೇಳುತ್ತದೆ. ಅದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಬರಬರುತ್ತ ಮೂಳೆಗಳು ಬಿಗಿದು ಸೊಂಟ ಬಾಗುತ್ತದೆ. ಕುದಿಸಿದರೆ ಈ ದೋಷವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಹೆಚ್ಚುತ್ತದೆ. ಹೀಗಿರುವಾಗ, ಯಾವ ಬಾವಿಯ ನೀರನ್ನು ಯಾವ ತಿಂಗಳು ಪರೀಕ್ಷಿಸಲಾಯಿತು, ಫಲವೇನು, ಶುದ್ಧನೀರಿನ ಘಟಕವು ಕೆಟ್ಟು ನಿಂತರೆ ಎಂದು ಸರಿಯಾಗುವುದು ಎಂಬುದನ್ನು ತಾಯಂದಿರಿಗೆ ತಿಳಿಸದಿರುವುದು ಕೇವಲ ಆಡಳಿತದ ಆಲಸ್ಯವೇ? ಅದು ಮಕ್ಕಳ ಎಲುಬಿನ ಪ್ರಶ್ನೆ.

ಕಾರಣ, ಕಾರ್ಯಸಾಧ್ಯವಾದ ನಾಲ್ಕು ಸೂಚನೆಗಳನ್ನು ತಮ್ಮ ಮುಂದಿಡುವೆನು.

ಮೊದಲನೆಯದು: ಮೂರು ತಿಂಗಳಿಗೊಮ್ಮೆ ಪಂಚಾಯತಿಯ ಜಮಾಖರ್ಚನ್ನು ಒಂದೇ ಹಾಳೆಯಲ್ಲಿ, ತಿಳಿಗನ್ನಡದಲ್ಲಿ, ಬೀದಿಯ ಹೆಸರು ಕಾಮಗಾರಿಯ ಹೆಸರು ಸಹಿತವಾಗಿ ಬರೆದು ಪಂಚಾಯತಿ ಕಚೇರಿ, ಶಾಲೆ, ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿಗಳಲ್ಲಿ ಅಂಟಿಸಬೇಕು.

ಎರಡನೆಯದು: ಕುಡಿಯುವ ನೀರಿನ ಪರೀಕ್ಷೆಯ ಫಲವನ್ನು ಆಯಾ ನಲ್ಲಿಯ ಬಳಿಯಲ್ಲಿಯೇ ಬರೆಯಿಸಬೇಕು.

ಮೂರನೆಯದು: ಗ್ರಾಮಸಭೆಯಲ್ಲಿ ಅಧ್ಯಕ್ಷರೇ ಎದ್ದು ನಿಂತು ವರದಿಯನ್ನೋದಬೇಕು. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಅಧ್ಯಕ್ಷೆಯಿದ್ದ ಕಡೆ ಅಧ್ಯಕ್ಷೆಯೇ ಓದಲಿ. ಪತಿಯಾಗಲಿ ಮಗನಾಗಲಿ ಅವರ ಪರವಾಗಿ ಮಾತನಾಡುವ ಪದ್ಧತಿ ನಿಲ್ಲಲಿ.

ನಾಲ್ಕನೆಯದು: ಆಗದ ಕೆಲಸವನ್ನೂ ಹೇಳಬೇಕು. ಹಣ ಬರಲಿಲ್ಲವೇ, ಜಾಗದ ತಕರಾರೇ, ಗುತ್ತಿಗೆದಾರರ ವಿಳಂಬವೇ? ಕಾರಣವನ್ನು ಬಿಚ್ಚಿ ಹೇಳಿದರೆ ಜನರು ಸಹಿಸುವರು. ಹೇಳದಿದ್ದರೆ ತಮಗೆ ತೋಚಿದ ಕಾರಣವನ್ನು ಕಲ್ಪಿಸುವರು.

'ಎಲ್ಲವನ್ನೂ ಹೇಳಿದರೆ ಜಗಳಕ್ಕೆ ದಾರಿಯಾಗುವುದಲ್ಲವೇ' ಎಂದು ಅಧ್ಯಕ್ಷರಾದವರು ಶಂಕಿಸಬಹುದು. ಈ ಶಂಕೆಯು ನಿರಾಧಾರವಲ್ಲ. ಹಳ್ಳಿಯಲ್ಲಿ ಪಕ್ಷವುಂಟು, ಪ್ರತಿಪಕ್ಷವುಂಟು. ಆದರೆ ಮೌನದಿಂದ ಜಗಳವು ನಿಲ್ಲುವುದಿಲ್ಲ; ಕಟ್ಟೆಯ ಮೇಲೆ ಗಾಳಿಮಾತಾಗಿ ಬೆಳೆಯುತ್ತದೆ. ಪ್ರಾಮಾಣಿಕನಾದ ಅಧ್ಯಕ್ಷನಿಗೆ ಬಹಿರಂಗವಾದ ಲೆಕ್ಕಕ್ಕಿಂತ ಬಲವಾದ ಕವಚವಿಲ್ಲ. ಇನ್ನೊಂದು ಲಾಭವನ್ನೂ ಗಮನಿಸಬೇಕು: ಕೊಟ್ಟ ಮನೆಕಂದಾಯವು ಯಾವ ದೀಪವಾಗಿ ಉರಿಯಿತು, ಯಾವ ನಲ್ಲಿಯಾಗಿ ಹರಿಯಿತು ಎಂದು ಕಂಡವನು ಮುಂದಿನ ವರ್ಷದ ಕಂದಾಯವನ್ನು ಗೊಣಗದೆ ಕೊಡುವನು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ನಮ್ಮ ಹೊಣೆಯೂ ಕಡಮೆಯದಲ್ಲ. ಗ್ರಾಮಸಭೆಗೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು, ಇಲ್ಲವೇ ನೂರು ಮಂದಿ, ಇವೆರಡರಲ್ಲಿ ಯಾವುದು ಕಡಮೆಯೋ ಅಷ್ಟು ಜನ ಸೇರಿದರೆ ಕೋರಮ್ಮಾಗುತ್ತದೆ. ಜಾತ್ರೆಗೆ ಸಾವಿರಗಟ್ಟಲೆ ಸೇರುವ ನಮಗೆ ನೂರು ಮಂದಿ ಸೇರುವುದು ಕಷ್ಟವೇ? ಉಪಾಧ್ಯಾಯ ಬಂಧುಗಳಲ್ಲಿ ವಿಶೇಷವಾದ ಪ್ರಾರ್ಥನೆ: ಏಳನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳುವಾಗ ಪಂಚಾಯತಿಯ ಜಮಾಖರ್ಚಿನ ಹಾಳೆಯನ್ನೇ ಒಮ್ಮೆ ಲೆಕ್ಕವಾಗಿ ಕೊಡಿರಿ. ಪಕ್ಷದ ಮಾತು ಬೇಡ. ಕೂಡುವುದು ಕಳೆಯುವುದು ಸಾಕು. ಆ ಮಗುವು ಸಂಜೆ ಮನೆಗೆ ಹೋಗಿ 'ಅಪ್ಪಾ, ನಮ್ಮ ಬೀದಿಗೆ ಎಷ್ಟು ಬಂತು?' ಎಂದು ಕೇಳಿದರೆ, ಗ್ರಾಮಸಭೆಯು ಅಲ್ಲಿಯೇ ಆರಂಭವಾಯಿತೆಂದು ತಿಳಿಯಿರಿ.

ನಾಡು ಒಂದಾದುದು ನಕ್ಷೆಯ ಗೆರೆಗಳಿಗಾಗಿ ಅಲ್ಲ; ಕನ್ನಡಿಗನು ತನ್ನ ಮಾತಿನಲ್ಲಿ ತನ್ನ ಆಡಳಿತವನ್ನು ತಿಳಿದು ನಡೆಸಲೆಂದು. ಆ ಆಶಯವು ಈಡೇರಬೇಕಾದುದು ವಿಧಾನಸೌಧದಲ್ಲಿ ಮಾತ್ರವಲ್ಲ, ಹೊರಕೆರೆದೇವಪುರದಂಥ ಊರಿನ ಪಂಚಾಯತಿಯ ಜಗಲಿಯಲ್ಲಿ. ಮುಂದಿನ ಗ್ರಾಮಸಭೆಯ ಡಂಗುರವಾದ ದಿನ ತಾವೆಲ್ಲರೂ ಬನ್ನಿರಿ, ಕೇಳಿರಿ, ಕೇಳಿದುದನ್ನು ನೆರೆಮನೆಯವರಿಗೆ ಹೇಳಿರಿ.